ಜೈಪುರ ಕಾಲು: ಮಾಸ್ಟರ್‌ಜೀ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ

ಜೈಪುರ ಕಾಲಿನ ಹೆಸರು ಕೇಳದವರು ಜೈನ ಸಮಾಜದಲ್ಲಿ ಕಡಿಮೆ. ಮಹಾವೀರ ಜಯಂತಿಗೋ, ಹಿರಿಯರ ಪುಣ್ಯತಿಥಿಗೋ ಕೃತಕ ಕಾಲು ಜೋಡಣೆಯ ಶಿಬಿರ ಏರ್ಪಟ್ಟರೆ ಬ್ಯಾನರಿನ ಮೇಲೆ ಆ ಹೆಸರು ಇರುತ್ತದೆ. ಆದರೆ ಈ ಕಾಲನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಕೆಲವರು ಡಾಕ್ಟರ ಹೆಸರು ಹೇಳುತ್ತಾರೆ, ಕೆಲವರು ಸಂಸ್ಥೆಯ ಹೆಸರು ಹೇಳುತ್ತಾರೆ. ಅಚ್ಚು ಮಾಡಿ, ರಬ್ಬರ್ ತುಂಬಿ, ಬೇಯಿಸಿ, ಸರಿ ಹೋಗದಿದ್ದಾಗ ಮತ್ತೆ ಮಾಡಿ ಈ ಪಾದಕ್ಕೆ ರೂಪ ಕೊಟ್ಟ ಕೈ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯದು. ಅವರು ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ. ಜೈಪುರದಲ್ಲಿ ಅವರು ಎಲ್ಲರಿಗೂ ಮಾಸ್ಟರ್‌ಜೀ.

ಮಾಸ್ಟರ್‌ಜೀ ವಂಶಪಾರಂಪರ್ಯವಾಗಿ ಕರಕುಶಲ ಕೆಲಸ ಮಾಡಿಕೊಂಡು ಬಂದ ಮನೆತನದವರು. ಮೂರ್ತಿ ಕೆತ್ತುವುದು ಅವರಿಗೆ ಬರುತ್ತಿತ್ತು. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಕುಷ್ಠರೋಗದಿಂದ ಬಳಲಿದವರಿಗೆ ಹೊಟ್ಟೆಪಾಡಿಗಾಗಿ ಏನಾದರೂ ಕೈಕೆಲಸ ಕಲಿಸುವುದು ಅವರ ಜವಾಬ್ದಾರಿ. ಅದೇ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಡಾ. ಪ್ರಮೋದ್ ಕರಣ್ ಸೇಠಿ ಇದ್ದರು. 1927ರಲ್ಲಿ ವಾರಾಣಸಿಯಲ್ಲಿ ಹುಟ್ಟಿದ ಸೇಠಿಯವರು ಎಡಿನ್‌ಬರೋದಲ್ಲಿ ಎಫ್.ಆರ್.ಸಿ.ಎಸ್. ಮಾಡಿಕೊಂಡು ಬಂದ ಸರ್ಜನ್. ಒಬ್ಬರು ಪರದೇಶದ ಪದವಿ ಪಡೆದವರು, ಇನ್ನೊಬ್ಬರು ಅಕ್ಷರ ಕೂಡಿಸಿ ಓದುವಷ್ಟು ಕಲಿತವರು. ಬೇರೆ ಊರಾಗಿದ್ದರೆ ಇವರಿಬ್ಬರು ನಮಸ್ಕಾರ ಹೇಳಿಕೊಂಡು ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರೇನೋ.

ಆ ಕಾಲದಲ್ಲಿ ಕಾಲು ಕಳೆದುಕೊಂಡವರಿಗೆ ಸಿಗುತ್ತಿದ್ದುದು ಪಾಶ್ಚಾತ್ಯ ಮಾದರಿಯ ಕೃತಕ ಪಾದ. ಕಣಕಾಲಿನ ಹತ್ತಿರ ಬಾಗದ ಗಟ್ಟಿ ಪಾದವದು. ಅದರ ಮೇಲೆ ಬೂಟು ಹಾಕಲೇಬೇಕು. ಕುರ್ಚಿಯಲ್ಲಿ ಕುಳಿತು, ಸಪಾಟಾದ ನೆಲದ ಮೇಲೆ ನಡೆಯುವವರಿಗೆ ಅದು ಸಾಕು. ರಾಜಸ್ಥಾನದ ಹಳ್ಳಿಯ ರೈತನಿಗೆ ಅದರಿಂದ ಏನು ಪ್ರಯೋಜನ? ಅವನು ಕುಕ್ಕರಗಾಲಲ್ಲಿ ಕೂರಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಬೇಕು, ಕೆಸರಿನ ಹೊಲದಲ್ಲಿ ಇಳಿಯಬೇಕು, ಗುಡ್ಡ ಹತ್ತಬೇಕು. ಬೂಟು ನೀರಿಗೆ ಬಿದ್ದರೆ ಹಾಳು. ಬೂಟು ಬಿಚ್ಚಿದರೆ ಪಾದವೇ ಇಲ್ಲ. ದೇವಸ್ಥಾನಕ್ಕೂ ಬಸದಿಗೂ ಬರಿಗಾಲಲ್ಲಿ ಹೋಗಬೇಕಾದ ನಾಡಿನಲ್ಲಿ ಬೂಟಿನೊಂದಿಗೆ ಅಂಟಿಕೊಂಡ ಕಾಲು ಮನುಷ್ಯನನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತದೆ. ವಿಂಧ್ಯಗಿರಿಯ ಬಂಡೆಗಲ್ಲಿನ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಆಸ್ಪತ್ರೆಯಲ್ಲಿ ಕಾಲು ಹಾಕಿಸಿಕೊಂಡು ಹೋದವರು ಊರಿನಲ್ಲಿ ಅದನ್ನು ಮೂಲೆಗೆ ಇಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು.

ಮಾಸ್ಟರ್‌ಜೀ ಆಸ್ಪತ್ರೆಯಲ್ಲಿ ಇದನ್ನೆಲ್ಲ ದಿನವೂ ನೋಡುತ್ತಿದ್ದರು. ಮೂರ್ತಿ ಮಾಡುವವರಾದ್ದರಿಂದ ಪಾದದ ಹೊರ ಆಕಾರ ಮಾಡುವುದು ಅವರಿಗೆ ಕಷ್ಟವಾಗಿರಲಿಲ್ಲ. ತೊಡಕಿದ್ದದ್ದು ಎರಡು ಕಡೆ: ಯಾವ ವಸ್ತುವಿನಿಂದ ಮಾಡಬೇಕು, ಎಲ್ಲಿ ಬಾಗಬೇಕು.

ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಬಗೆಯನ್ನು ಜೈಪುರದಲ್ಲಿ ಹೀಗೆ ಹೇಳುತ್ತಾರೆ. ಒಂದು ದಿನ ಮಾಸ್ಟರ್‌ಜೀ ಸೈಕಲ್ ಮೇಲೆ ಆಸ್ಪತ್ರೆಗೆ ಹೋಗುವಾಗ ಟೈರ್ ಪಂಕ್ಚರ್ ಆಯಿತು. ಅಂಗಡಿಗೆ ತಳ್ಳಿಕೊಂಡು ಹೋದರು. ಅಲ್ಲಿ ಲಾರಿಯ ಹಳೆಯ ಟೈರಿಗೆ ಹೊಸ ರಬ್ಬರ್ ಕೂರಿಸಿ ರಿಟ್ರೆಡಿಂಗ್ ಮಾಡುತ್ತಿದ್ದರು. ಕಲ್ಲು ಮುಳ್ಳಿನ ರಸ್ತೆಯಲ್ಲಿ ಟನ್ನುಗಟ್ಟಲೆ ಭಾರ ಹೊತ್ತು ಓಡುವ ರಬ್ಬರ್, ಬಾಗುತ್ತದೆ, ನೀರಿಗೆ ಹೆದರುವುದಿಲ್ಲ. ಇದರಿಂದಲೇ ಪಾದ ಏಕೆ ಮಾಡಬಾರದು ಎಂದು ಅವರಿಗೆ ಹೊಳೆಯಿತು. ಡಾ. ಸೇಠಿಯವರ ಹತ್ತಿರ ಮಾತಾಡಿ, ಪಾದದ ಅಚ್ಚು ತೆಗೆದುಕೊಂಡು ಅದೇ ಅಂಗಡಿಗೆ ಮರಳಿ ಬಂದರು. ಯಾತಕ್ಕಾಗಿ ಎಂದು ತಿಳಿದ ಮೇಲೆ ಅಂಗಡಿಯವರು ಕೂಲಿ ತೆಗೆದುಕೊಳ್ಳಲಿಲ್ಲ ಎಂದೂ ಕಥೆಯಲ್ಲಿ ಬರುತ್ತದೆ. ಆ ಅಂಗಡಿಯವರನ್ನೂ ಈ ಆವಿಷ್ಕಾರದ ಲೆಕ್ಕದಲ್ಲಿ ಸೇರಿಸಬೇಕು.

ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಪೂರ್ತಿ ರಬ್ಬರ್ ತುಂಬಿದ ಪಾದ ತುಂಬಾ ಭಾರವಾಯಿತು, ಬೇಕಾದ ಕಡೆ ಬಾಗಲೂ ಇಲ್ಲ. ಇಲ್ಲಿ ಡಾಕ್ಟರ ವಿದ್ಯೆ ಬೇಕಾಯಿತು. ಪಾದದೊಳಗೆ ಯಾವ ಕೀಲು ಯಾವ ದಿಕ್ಕಿಗೆ ತಿರುಗುತ್ತದೆ, ಕುಕ್ಕರಗಾಲಲ್ಲಿ ಕುಳಿತಾಗ ಹಿಮ್ಮಡಿ ಎಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಪಾದ ಹೇಗೆ ಒಳಕ್ಕೂ ಹೊರಕ್ಕೂ ವಾಲುತ್ತದೆ ಎಂಬುದನ್ನು ಸೇಠಿ ವಿವರಿಸಿದರು. ಡಾ. ಎಸ್.ಸಿ. ಕಾಸ್ಲೀವಾಲ್ ಮತ್ತು ಡಾ. ಮಹೇಶ್ ಉದಾವತ್ ಅವರೂ ಈ ಪ್ರಯೋಗದಲ್ಲಿ ಜೊತೆಯಾಗಿದ್ದರು. ಮಾಸ್ಟರ್‌ಜೀ ಮಾಡುವುದು, ಡಾಕ್ಟರರು ರೋಗಿಗೆ ಹಾಕಿ ನಡೆಸಿ ನೋಡುವುದು, ಕುಂದು ಹೇಳುವುದು, ಮತ್ತೆ ಮಾಡುವುದು. 1968ರ ಹೊತ್ತಿಗೆ ಇಂದಿನ ಜೈಪುರ ಕಾಲಿನ ರೂಪ ಕೈಗೆ ಬಂತು.

ಈ ಪಾದವನ್ನು ಅಡ್ಡ ಕೊಯ್ದು ನೋಡಿದರೆ ಒಳಗೆ ಮೂರು ತುಂಡುಗಳಿರುತ್ತವೆ. ಹಿಮ್ಮಡಿಯಲ್ಲಿ ಒಂದು, ಮುಂಗಾಲು ಮತ್ತು ಬೆರಳುಗಳ ಭಾಗದಲ್ಲಿ ಇನ್ನೊಂದು. ಇವೆರಡೂ ಮೆತ್ತನೆಯ ಸ್ಪಂಜಿನಂಥ ರಬ್ಬರ್. ಮೂರನೆಯದು ಕಣಕಾಲಿನ ಜಾಗದಲ್ಲಿರುವ ಮರದ ತುಂಡು. ಮೇಲಿನ ಕಾಲಿಗೆ ಪಾದವನ್ನು ಜೋಡಿಸುವ ಬೋಲ್ಟು ಇದರಲ್ಲೇ ಕೂರುತ್ತದೆ. ಈ ಮೂರನ್ನೂ ಟೈರಿನಲ್ಲಿ ಬಳಸುವ ನೂಲಿನ ಪಟ್ಟಿಯಿಂದ ಸುತ್ತಿ ಬಿಗಿದು, ಮೇಲೆ ಚರ್ಮದ ಬಣ್ಣದ ರಬ್ಬರ್ ಹಚ್ಚಿ, ಲೋಹದ ಅಚ್ಚಿನಲ್ಲಿಟ್ಟು ಕಾವು ಕೊಟ್ಟು ಬೇಯಿಸುತ್ತಾರೆ. ಹೊರಗೆ ಬಂದಾಗ ಬೆರಳುಗಳೂ ಕಾಣುವ ಪಾದ ಸಿದ್ಧ. ತುಂಡುಗಳು ಬೇರೆ ಬೇರೆಯಾಗಿರುವುದರಿಂದ ಪಾದ ಮೇಲಕ್ಕೂ ಬಾಗುತ್ತದೆ, ಪಕ್ಕಕ್ಕೂ ಹೊರಳುತ್ತದೆ. ಚಪ್ಪಲಿ ಹಾಕಬಹುದು, ಹಾಕದೆಯೂ ನಡೆಯಬಹುದು.

ಪಾದದ ಮೇಲಿನ ಭಾಗವನ್ನು ಮೊದಮೊದಲು ಅಲ್ಯೂಮಿನಿಯಂ ತಗಡಿನಿಂದ ಮಾಡುತ್ತಿದ್ದರು. ಪಾತ್ರೆ ಬಡಿಯುವ ಕಸುಬಿನವರಿಗೆ ಅದು ಗೊತ್ತಿದ್ದ ಕೆಲಸ. ನಂತರ ಹೊಲಕ್ಕೆ ನೀರು ಹಾಯಿಸುವ ಎಚ್.ಡಿ.ಪಿ.ಇ. ಪೈಪ್ ಬಂತು. ಉಳಿದ ಕಾಲಿನ ಪ್ಲಾಸ್ಟರ್ ಅಚ್ಚು ತೆಗೆದು, ಪೈಪನ್ನು ಓವನ್‌ನಲ್ಲಿ ಮೆತ್ತಗಾಗುವಂತೆ ಕಾಯಿಸಿ ಅಚ್ಚಿನ ಮೇಲೆ ಎಳೆಯುತ್ತಾರೆ. ತಣ್ಣಗಾದ ಮೇಲೆ ಅದು ಅದೇ ಆಕಾರದಲ್ಲಿ ನಿಲ್ಲುತ್ತದೆ. ಹೀಗೆ ಒಂದೆರಡು ದಿನದಲ್ಲೇ, ಎಷ್ಟೋ ಸಲ ಅದೇ ದಿನ, ರೋಗಿ ನಡೆದುಕೊಂಡು ಹೋಗಬಹುದು. ದೂರದ ಹಳ್ಳಿಯಿಂದ ದಿನಗೂಲಿ ಬಿಟ್ಟು ಬಂದವನಿಗೆ ಇದೇ ದೊಡ್ಡ ಅನುಕೂಲ.

ಇಷ್ಟು ಒಳ್ಳೆಯ ವಸ್ತು ತಯಾರಾದ ಮೇಲೆ ಏನಾಯಿತು? ಹೆಚ್ಚೇನೂ ಆಗಲಿಲ್ಲ. ಮೊದಲ ಏಳು ವರ್ಷಗಳಲ್ಲಿ ಇದು 60 ಮಂದಿಗೂ ತಲುಪಲಿಲ್ಲ. ಡಾ. ಸೇಠಿ ವೈದ್ಯರ ಸಭೆಗಳಲ್ಲಿ ಪ್ರಬಂಧ ಮಂಡಿಸಿದರು, ವಿದೇಶದ ತಜ್ಞರು ಮೆಚ್ಚಿದರು. ಆದರೆ ಹಳ್ಳಿಯ ಬಡವನಿಗೆ ಆಸ್ಪತ್ರೆಯ ಬಾಗಿಲು, ಚೀಟಿ, ಸರದಿ, ಮರಳಿ ಬಾ ಎಂಬ ಮಾತು ಇವೆಲ್ಲ ಕಾಲಿಲ್ಲದೆ ದಾಟುವ ಸಂಗತಿಗಳಲ್ಲ. ವ್ಯಾಪಾರ ಮಾಡಿದವರಿಗೆ ಇದು ಗೊತ್ತು: ಮಾಲು ಚೆನ್ನಾಗಿದ್ದರೂ ಗಿರಾಕಿಯ ಕೈಗೆ ಮುಟ್ಟಿಸುವ ವ್ಯವಸ್ಥೆ ಇಲ್ಲದಿದ್ದರೆ ಅದು ಗೋದಾಮಿನಲ್ಲೇ ಉಳಿಯುತ್ತದೆ.

ಆ ವ್ಯವಸ್ಥೆ ಮಾಡಿದವರು ಡಿ.ಆರ್. ಮೆಹತಾ. ಐ.ಎ.ಎಸ್. ಅಧಿಕಾರಿಯಾಗಿದ್ದ ಮೆಹತಾ ಅವರಿಗೆ 1969ರಲ್ಲಿ ರಸ್ತೆ ಅಪಘಾತವಾಗಿ ಕಾಲು ಕತ್ತರಿಸಬೇಕಾದೀತು ಎನ್ನುವ ಸ್ಥಿತಿ ಬಂದಿತ್ತು. ಕಾಲು ಉಳಿಯಿತು. ಹಾಸಿಗೆಯಲ್ಲಿದ್ದ ದಿನಗಳಲ್ಲಿ ಅವರಿಗೆ ಬಂದ ಯೋಚನೆ, ತನ್ನಂತೆ ಅನುಕೂಲ ಇಲ್ಲದವರ ಗತಿ ಏನು ಎಂಬುದು. 1975ರ ಮಾರ್ಚ್‌ನಲ್ಲಿ ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಸ್ಥಾಪನೆಯಾಯಿತು. ಆಗ ದೇಶದೆಲ್ಲೆಡೆ ಮಹಾವೀರ ಸ್ವಾಮಿಯ 2500ನೇ ನಿರ್ವಾಣ ಮಹೋತ್ಸವ ನಡೆಯುತ್ತಿತ್ತು. ಮೆಹತಾ ಮುಂದೆ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್, ಆಮೇಲೆ ಸೆಬಿಯ ಅಧ್ಯಕ್ಷರೂ ಆದರು. ಷೇರು ಪೇಟೆಯ ವ್ಯವಹಾರ ಇದ್ದವರಿಗೆ ಆ ಹೆಸರು ಅಲ್ಲಿಂದ ನೆನಪಿರಬಹುದು.

ಸಮಿತಿಯ ನಿಯಮ ಸರಳ. ಬಂದವರನ್ನು ಯಾವ ಹೊತ್ತಿನಲ್ಲಿ ಬಂದರೂ ಸೇರಿಸಿಕೊಳ್ಳುವುದು, ಮೊದಲೇ ದಿನ ಗೊತ್ತು ಮಾಡಿಕೊಂಡು ಬರಬೇಕೆಂಬ ಕಟ್ಟಳೆ ಇಲ್ಲ. ಕಾಲು ಉಚಿತ, ಊಟ ವಸತಿಯೂ ಉಚಿತ. ಜಾತಿ ಧರ್ಮ ಕೇಳುವುದಿಲ್ಲ. ಕ್ಯಾಲಿಪರ್, ಊರುಗೋಲು, ಶ್ರವಣ ಸಾಧನ ಮುಂತಾದವೂ ಸೇರಿ ಸಮಿತಿಯಿಂದ ನೆರವು ಪಡೆದವರ ಸಂಖ್ಯೆ 20 ಲಕ್ಷ ದಾಟಿದೆ. ನೆಲಬಾಂಬಿಗೆ ಸಾವಿರಾರು ಜನ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದಲ್ಲಿ, ಇರಾಕಿನಲ್ಲಿ, ಆಫ್ರಿಕದ ಹಲವು ದೇಶಗಳಲ್ಲಿ ಶಿಬಿರಗಳು ನಡೆದಿವೆ.

ಜನಸಾಮಾನ್ಯರಿಗೆ ಈ ಹೆಸರು ಮುಟ್ಟಿದ್ದು ಮಾತ್ರ ಸುಧಾ ಚಂದ್ರನ್ ಅವರಿಂದ. 1981ರ ಅಪಘಾತದ ನಂತರ ಕಾಲು ಕಳೆದುಕೊಂಡ ಈ ಭರತನಾಟ್ಯ ಕಲಾವಿದೆ ಜೈಪುರ ಕಾಲು ಧರಿಸಿ 1984ರಲ್ಲಿ ಮತ್ತೆ ರಂಗವೇರಿದರು. ಅವರ ಬದುಕಿನ ಮೇಲೆ ‘ಮಯೂರಿ’ ಎಂಬ ತೆಲುಗು ಚಿತ್ರ ಬಂತು, ಅದರಲ್ಲಿ ಅವರೇ ನಟಿಸಿದರು.

ಡಾ. ಸೇಠಿ ಈ ಕಾಲಿಗೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಕಲಿತು ಮಾಡಬಹುದು ಎಂಬುದು ಅದರ ಅರ್ಥ. ಈ ಉದಾರತೆಯಿಂದಲೇ ಅದು ಇಷ್ಟು ದೂರ ಹೋಯಿತು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೈಯಿಂದ ಮಾಡುವ ವಸ್ತು, ಎಲ್ಲರೂ ಮಾಡಬಹುದಾದ ವಸ್ತು, ಆದ್ದರಿಂದ ಎಲ್ಲ ಕಡೆ ಒಂದೇ ಗುಣಮಟ್ಟ ಬರಲಿಲ್ಲ. ಕೆಲವು ಕಡೆ ಬೇಗ ಸವೆಯುವುದು, ಹೊಂದಾಣಿಕೆ ಸರಿಯಾಗದೆ ನೋಯುವುದು ಇಂಥ ದೂರುಗಳು ಬಂದಿವೆ, ತಜ್ಞರೂ ಬರೆದಿದ್ದಾರೆ. ಶಿಬಿರದಲ್ಲಿ ಎಷ್ಟು ಕಾಲು ಕೊಟ್ಟೆವು ಎಂದು ಎಣಿಸುವವರು ವರ್ಷದ ನಂತರ ಎಷ್ಟು ಜನ ಅದನ್ನು ಹಾಕಿಕೊಂಡಿದ್ದಾರೆ ಎಂಬುದನ್ನೂ ಕೇಳಬೇಕು. ಇಸ್ರೋ ನೆರವಿನಿಂದ ಬಂದ ಹಗುರವಾದ ಪಾಲಿಯುರಿಥೇನ್ ಪಾದವು ಒಂದೇ ಸಮನಾಗಿ ತಯಾರಿಸಲು ಅನುಕೂಲವಾದದ್ದು. ಮೊಣಕಾಲಿನ ಮೇಲೆ ಕತ್ತರಿಸಿದವರಿಗಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೊಡನೆ ಸೇರಿ ಮಾಡಿದ ‘ಜೈಪುರ ನೀ’ ಎಂಬ ಮೊಣಕೀಲನ್ನು ಟೈಮ್ ಪತ್ರಿಕೆ 2009ರ ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಸೇರಿಸಿತು.

ಗೌರವದ ಲೆಕ್ಕ ಮಾತ್ರ ಸಮನಾಗಿ ಹಂಚಿಕೆಯಾಗಲಿಲ್ಲ. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಪದ್ಮಶ್ರೀಯೂ ಬಂತು. ಅವರು ಅದಕ್ಕೆ ಅರ್ಹರೇ. ಮೆಹತಾ ಅವರಿಗೆ 2008ರಲ್ಲಿ ಪದ್ಮಭೂಷಣ ದೊರೆಯಿತು. ಮಾಸ್ಟರ್‌ಜೀ ಹೆಸರು ಬಹುಕಾಲ ಜೈಪುರದ ಕಾರ್ಯಾಗಾರದ ಹೊರಗೆ ಕೇಳಿಬರಲಿಲ್ಲ. ಕೈಯಲ್ಲಿ ಕೆಲಸ ಮಾಡಿದವನಿಗಿಂತ ಕಾಗದದಲ್ಲಿ ಬರೆದವನಿಗೆ ಹೆಸರು ಬರುವುದು ಹೊಸತೇನಲ್ಲ. ಡಾ. ಸೇಠಿ 2008ರ ಜನವರಿ 6ರಂದು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಜೈಪುರ ಕಾಲಿನ ಜನಕ ಎಂದು ಬರೆದವು. ಸಮಿತಿಯು ಈಗ ತನ್ನ ಪರಿಚಯದಲ್ಲಿ ಕಾಲು ರೂಪಿಸಿದವರೆಂದು ಮೊದಲು ಪಂಡಿತ ರಾಮಚಂದ್ರ ಶರ್ಮಾ ಅವರ ಹೆಸರನ್ನೂ, ಮಾರ್ಗದರ್ಶನ ಮಾಡಿದವರೆಂದು ವೈದ್ಯರ ಹೆಸರುಗಳನ್ನೂ ಹೇಳುತ್ತದೆ. ಈ ಕ್ರಮ ಸರಿಯಾಗಿದೆ. ಶಿಬಿರದ ಆಹ್ವಾನ ಪತ್ರಿಕೆಯಲ್ಲಿ ದಾನಿಗಳ ಹೆಸರಿನ ಜೊತೆ ಅವರದೊಂದು ಸಾಲಿಗೂ ಜಾಗ ಸಿಗಬಹುದು.

ಕರ್ನಾಟಕದವರು ಜೈಪುರದವರೆಗೆ ಹೋಗಲೇಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ ಅಖಿಲ ಭಾರತ ಜೈನ್ ಯುವ ಫೆಡರೇಶನ್ನಿನ ಮಹಾವೀರ ಲಿಂಬ್ ಸೆಂಟರ್ ಇದೆ, ಬೆಂಗಳೂರಿನಲ್ಲೂ ಕೃತಕ ಕಾಲು ಜೋಡಿಸುವ ಕೇಂದ್ರಗಳಿವೆ. ಕಾಲು ಹಾಕಿಸಿಕೊಳ್ಳುವ ಮೊದಲು ಶಸ್ತ್ರಚಿಕಿತ್ಸೆಯ ಗಾಯ ಪೂರ್ತಿ ಒಣಗಿರಬೇಕು, ಊತ ಇಳಿದಿರಬೇಕು. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು, ದಿನವೂ ಕಾಲಿನ ತುದಿಯ ಚರ್ಮ ನೋಡಿಕೊಳ್ಳಬೇಕು. ಅಳತೆ ಕೊಡಲು ರೋಗಿಯೇ ಹೋಗಬೇಕು, ಬೇರೆಯವರ ಕೈಲಿ ಅಳತೆ ಕಳಿಸಿದರೆ ಆಗುವುದಿಲ್ಲ. ಕೆಲವು ವರ್ಷಗಳ ಬಳಕೆಯ ನಂತರ ಪಾದ ಸವೆದಾಗ ಬದಲಾಯಿಸಬೇಕಾಗುತ್ತದೆ. ಬೆಳೆಯುವ ಮಕ್ಕಳಿಗಾದರೆ ಇನ್ನೂ ಬೇಗ. ಹೊಸ ಕಾಲು ಬಿಗಿಯಾಗಿ ಚರ್ಮ ಕೆಂಪಾದರೆ ಸಹಿಸಿಕೊಂಡು ಕೂರದೆ ಮತ್ತೆ ಕೇಂದ್ರಕ್ಕೆ ಹೋಗಿ ಸರಿಪಡಿಸಿಕೊಳ್ಳಬೇಕು.