ಶುದ್ಧ ಗಾಳಿಗೆ ಎರಡು ಕ್ಯಾಲೆಂಡರ್

2010ರ ಕೊನೆಯ ಹೊತ್ತಿಗೆ ಬೆಂಗಳೂರಿನ ಬಂಕಲ್ಲಿ ಸಿಗುತ್ತಿದ್ದ ಡೀಸೆಲ್ ಬೇರೆ, ಶಿಕಾರಿಪುರದ ಬಂಕಲ್ಲಿ ಸಿಗುತ್ತಿದ್ದ ಡೀಸೆಲ್ ಬೇರೆ. ಕಲಬೆರಕೆಯ ಮಾತಲ್ಲ ಇದು, ಸರ್ಕಾರದ ಮಾನದಂಡವೇ ಹಾಗಿತ್ತು. ಬೆಂಗಳೂರಿಗೆ ಬಿಎಸ್-4, ಅಂದ್ರೆ ಡೀಸೆಲ್‌ನ ಹತ್ತು ಲಕ್ಷ ಭಾಗದಲ್ಲಿ ಗಂಧಕ 50 ಭಾಗ ದಾಟಬಾರದು. ಶಿಕಾರಿಪುರ, ಸೊರಬಕ್ಕೆ ಬಿಎಸ್-3. ಅಲ್ಲಿ 350ರವರೆಗೂ ನಡೆಯುತ್ತಿತ್ತು. ಏಳು ಪಟ್ಟು!

ಗಂಧಕದ್ದು ಯಾಕಿಷ್ಟು ದೊಡ್ಡ ವಿಷಯ ಅಂದ್ರೆ, ಅದು ಸುಟ್ಟು ಹೊಗೆಯಾಗುವುದಷ್ಟೇ ಅಲ್ಲ, ಸೈಲೆನ್ಸರ್ ದಾರಿಯಲ್ಲಿ ಕೂತು ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಮಂಕು ಮಾಡುತ್ತೆ. ಎಂಜಿನ್ ಎಷ್ಟು ಹೊಸದಾದರೂ ಇಂಧನ ಹಳೆಯದಾದರೆ ಪ್ರಯೋಜನ ಕಡಿಮೆ.

ಈ ಎರಡು ಕ್ಯಾಲೆಂಡರಿನ ಕಥೆ ಶುರುವಾಗಿದ್ದು ದೆಹಲಿಯಲ್ಲಿ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಧಾನಿ ಪ್ರದೇಶದ ಖಾಸಗಿ ಗಾಡಿಗಳಿಗೆ ಯೂರೋ ಮಾನದಂಡ ಕಡ್ಡಾಯ ಮಾಡಿತು. ಆಮೇಲೆ ಕೇಂದ್ರ ಸರ್ಕಾರ ಒಂದು ಪದ್ಧತಿಯನ್ನೇ ಹಿಡಿಯಿತು: ಮೊದಲು ಮಹಾನಗರ, ಉಳಿದ ದೇಶ ಆಮೇಲೆ. ಬೆಂಗಳೂರಿಗೆ ಬಿಎಸ್-2 ಬಂದಿದ್ದು 2003ರಲ್ಲಿ, ಬಿಎಸ್-3 2005ರಲ್ಲಿ, ಬಿಎಸ್-4 2010ರಲ್ಲಿ. ಉಳಿದ ಊರುಗಳಿಗೆ ಬಿಎಸ್-2 ಬಂದಿದ್ದು 2005ರಲ್ಲಿ, ಬಿಎಸ್-3 2010ರಲ್ಲಿ. ಬಿಎಸ್-4 ಇಡೀ ದೇಶವನ್ನು ಮುಟ್ಟುವ ಹೊತ್ತಿಗೆ 2017. 2010ರ 13 ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದಿದ್ದು ಬೆಂಗಳೂರು ಒಂದೇ. ಎಲ್ಲ ರಿಫೈನರಿಗಳನ್ನೂ ಒಂದೇ ಸಲ ಬದಲಾಯಿಸೋಕಾಗಲ್ಲ ಅನ್ನೋ ವಾದದಲ್ಲಿ ನಿಜವಿತ್ತು. ಆದರೆ ಆ ವರ್ಷಗಳಲ್ಲಿ ಕೆಎ-15 ನಂಬರಿನ ಗಾಡಿಯ ಹಿಂದೆ ಸೈಕಲ್ ತುಳಿದವರ ಶ್ವಾಸಕೋಶಕ್ಕೆ ಈ ವಾದ ಗೊತ್ತಿರಲಿಲ್ಲ.

ತಮಾಷೆ ನೋಡಿ, ಈ ಎರಡು ತಾಲ್ಲೂಕಿಗೆ ಅಧಿಕಾರದ ಕೊರತೆ ಇರಲಿಲ್ಲ. ಸೊರಬ ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಯಡಿಯೂರಪ್ಪನವರನ್ನು. 2010ರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದಿದ್ದೇ ಯಡಿಯೂರಪ್ಪ. ಆದರೆ ಮುಖ್ಯಮಂತ್ರಿ ಯಾವ ಊರಿನವರಾದರೂ ಗಂಧಕದ ಲೆಕ್ಕ ಬರೆಯೋದು ದೆಹಲಿ.

2017ರ ಮಾರ್ಚ್ ಕೊನೆಯ ಎರಡು ದಿನ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಗಳ ಕೈಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಗಾಡಿ ಉಳಿದಿದ್ದವು. ಶೋರೂಮುಗಳ ಮುಂದೆ ಡಿಸ್ಕೌಂಟ್ ಜಾತ್ರೆ! ಹೊಗೆ ತಡೆಯುವ ಆದೇಶ ಜಾರಿಯಾಗುವ ಹಿಂದಿನ ದಿನ ಹೊಗೆ ಬಿಡುವ ಗಾಡಿ ಅಗ್ಗವಾಗಿತ್ತು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಅಂತ ಆದೇಶವಾಗಿತ್ತು, ಎನ್‌ಒಸಿ ತಗೊಂಡು ಬೇರೆ ರಾಜ್ಯದಲ್ಲಿ ನೋಂದಾಯಿಸಿಕೊಳ್ಳಬಹುದಿತ್ತು. ಇದೂ ಅದೇ ಜಾತಿಯದ್ದು. ನಿರ್ಬಂಧ ಊರಿಗೆ, ಹೊಗೆ ಪಕ್ಕದೂರಿಗೆ. ಈ ಕ್ಯಾಲೆಂಡರುಗಳು ಒಂದಾಗಿದ್ದು 2020ರ ಏಪ್ರಿಲ್ 1ರಂದು. ಬಿಎಸ್-6 ಬೆಂಗಳೂರಿಗೂ ಸೊರಬಕ್ಕೂ ಒಂದೇ ದಿನ ಬಂತು.

ಇದೆಲ್ಲ ಗಾಡಿ ಇದ್ದವರ ಕಥೆ. ಗಾಡಿ ಇಲ್ಲದವರಿಗೆ ರಾಜ್ಯ ಕೊಟ್ಟ ಶುದ್ಧ ಸಾರಿಗೆ ಯಾವುದು ಅಂತ ಹುಡುಕಿದರೆ ಸಿಗೋದು ಒಂದು ಸೈಕಲ್. 2006-07ರಲ್ಲಿ, ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡುತ್ತಿದ್ದಾಗ, 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯಿತು. ಉದ್ದೇಶ ಪರಿಸರ ಅಲ್ಲ. ಏಳನೇ ಕ್ಲಾಸು ಮುಗಿಸಿದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೈಸ್ಕೂಲು ದೂರ ಅಂತ ಓದು ಬಿಡಬಾರದು ಅನ್ನೋದು. ಆನವಟ್ಟಿ, ಜಡೆ, ಶಿರಾಳಕೊಪ್ಪದ ಸುತ್ತಲಿನ ಹಳ್ಳಿಗಳನ್ನು ನೆನೆದುಕೊಳ್ಳಿ. ಹೈಸ್ಕೂಲು ಇರೋದು ದೊಡ್ಡ ಊರಲ್ಲಿ, ಬಸ್ಸಿನ ಹೊತ್ತು ಬೇರೆ, ಗಂಟೆಯ ಹೊತ್ತು ಬೇರೆ. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ನಿಜ. ಆದರೂ ಪರಿಸರ ಅನ್ನೋ ಪದವನ್ನೇ ಬಳಸದೆ ನಮ್ಮ ರಾಜ್ಯದಲ್ಲಿ ನಡೆದ ಅತಿ ದೊಡ್ಡ ಹೊಗೆರಹಿತ ಸಾರಿಗೆ ಯೋಜನೆ ಇದೇ ಅಂತ ನನ್ನ ಲೆಕ್ಕ.

ಕೋವಿಡ್ ವರ್ಷದಲ್ಲಿ ಸೈಕಲ್ ನಿಂತಿತು. ಆಗಲೂ ಮುಖ್ಯಮಂತ್ರಿ ಯಡಿಯೂರಪ್ಪನವರೇ. ಅದೇ 2020ರ ನವೆಂಬರಿನಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ವಾರಾಂತ್ಯದಲ್ಲಿ ವಾಹನ ನಿಷೇಧವಾಯಿತು. ನಗರ ಭೂ ಸಾರಿಗೆ ನಿರ್ದೇಶನಾಲಯದ ಆ ಪ್ರಯೋಗ 2021ರ ಫೆಬ್ರವರಿವರೆಗೆ ನಡೆಯಿತು. ನಾವು ರಸ್ತೆ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡ್ವಿ, ಪೇಪರಲ್ಲೂ ಬಂತು. ಒಳ್ಳೆ ಪ್ರಯೋಗವೇ, ನನಗೇನೂ ತಕರಾರಿಲ್ಲ. ಮರುವರ್ಷದ ಜುಲೈನಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ಬಂತು, 2024ರಲ್ಲಿ ಸರ್ಕಾರವೇ ಅದನ್ನು ವಾಪಸ್ ತಗೊಂಡಿತು. ಇವೆರಡರ ಬಗ್ಗೆ ಆದಷ್ಟು ಚರ್ಚೆ ನಿಂತುಹೋದ ಸೈಕಲ್ ಬಗ್ಗೆ ಆಗಿದ್ದನ್ನು ನಾನು ಕಾಣೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಇದೂ ಎಲ್ಲ ಕಡೆ ಒಂದೇ ದಿನ ಬಂತು. ಆದರೆ ಶಕ್ತಿಗೆ ಮೊದಲು ಬಸ್ ಬರಬೇಕಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೇಬೆನ್ನೂರಿಗೆ ಹೋಗುವ ರೈಲು ಮಾರ್ಗದ ಕೆಲಸ ನಡೀತಿದೆ, ಸೊರಬ ಅದರ ದಾರಿಯಲ್ಲಿಲ್ಲ. ಬಸ್ಸೂ ಸರಿಯಾಗಿ ಬಾರದ ಹಳ್ಳಿಯಿಂದ 8ನೇ ಕ್ಲಾಸಿಗೆ ಹೊರಟ ಹುಡುಗಿಗೆ ಟಿಕೆಟ್ ಉಚಿತವೇ, ಸೈಕಲ್ ಮಾತ್ರ ಇಲ್ಲ.