ಬೆರ್ತಾಳ ಟೋಪಿ ಪಿನ್ನು

ಪೆಟ್ರೋಲ್ ಬಂಕ್ ಎಂಬುದೇ ಇನ್ನೂ ಹುಟ್ಟಿರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ವೀಸ್ಲೋಖ್ ಎಂಬ ಪುಟ್ಟ ಊರಿನ ಔಷಧಿ ಅಂಗಡಿಯ ಮುಂದೆ ಮೂರು ಚಕ್ರದ ಗಾಡಿಯೊಂದು ಬಂದು ನಿಂತಿತು. ಗಾಡಿಗೆ ಕುದುರೆಯಿಲ್ಲ. ಇಳಿದವಳು ಮೂವತ್ತೊಂಬತ್ತರ ಗೃಹಿಣಿ, ಜೊತೆಗೆ ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಗಂಡುಮಕ್ಕಳು. ಅವಳು ಕೇಳಿದ್ದು ಕೆಮ್ಮಿನ ಔಷಧಿಯನ್ನಲ್ಲ, ಲಿಗ್ರಾಯಿನ್ ಅನ್ನು. ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ, ಬೇಗ ಆವಿಯಾಗುವ ಎಣ್ಣೆ ಅದು. ಅಗಸರ ಕೆಲಸಕ್ಕೆ ಬೇಕಾದದ್ದು ಆ ದಿನ ಎಂಜಿನ್ನಿನ ಹೊಟ್ಟೆಗೆ ಹೋಯಿತು.

ಅವಳು ಬೆರ್ತಾ ಬೆಂಜ್. ಗಂಡ ಕಾರ್ಲ್ ಬೆಂಜ್ 1886ರ ಜನವರಿಯಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದಿದ್ದ. ಆದರೆ ಕೊಳ್ಳುವವರಿರಲಿಲ್ಲ, ಅವನಿಗೋ ಅಳುಕು. ಆ ಗಾಡಿಯ ಹಿಂದೆ ಬೆರ್ತಾಳ ದುಡ್ಡೂ ಇತ್ತು. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ಅಪ್ಪನಿಂದ ಮುಂಗಡ ಪಡೆದು, ಕಾರ್ಲನ ಕಾರ್ಖಾನೆಯಲ್ಲಿ ಪಾಲುದಾರನ ಪಾಲನ್ನು ಬಿಡಿಸಿಕೊಳ್ಳಲು ಕೊಟ್ಟಿದ್ದಳು. ವರದಕ್ಷಿಣೆಯ ಕಥೆಗಳನ್ನು ನಾವೂ ಸಾಕಷ್ಟು ಕೇಳಿದ್ದೇವೆ, ಆದರೆ ಎಂಜಿನ್ನಾಗಿ ಗುಡುಗಿದ ವರದಕ್ಷಿಣೆ ಬಹುಶಃ ಇದೊಂದೇ! ಅಷ್ಟು ಹಣ ಹಾಕಿದವಳು ಸುಮ್ಮನೆ ಕೂರಲಾದೀತೆ? ಗಂಡನಿಗೆ ಬಾಯಿಬಿಟ್ಟು ಹೇಳದೆ, ಮಕ್ಕಳನ್ನು ಕರೆದುಕೊಂಡು, ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ.

ದಾರಿಯ ಫಜೀತಿಗಳು ನಮಗೆ ತಿಳಿದಿರುವುದು ಬಹುಮಟ್ಟಿಗೆ ಆ ಮನೆಯವರ ನೆನಪಿನಿಂದ. ಏರಿನಲ್ಲಿ ಎಂಜಿನ್ನಿಗೆ ತ್ರಾಣ ಸಾಲದೆ ಮಕ್ಕಳು ಇಳಿದು ತಳ್ಳಿದರು. ಸಡಿಲಾದ ಚೈನಿಗೆ ಕಮ್ಮಾರ ಬೇಕಾಯಿತು. ಮರದ ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಉಜ್ಜಿಹೋದ ತಂತಿಗೆ ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನದ ಕೊಳವೆ ಕಟ್ಟಿಕೊಂಡು ಎಂಜಿನ್ ನಿಂತಾಗ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನನ್ನು ಕಿತ್ತು ಕಸ ತೆಗೆದಳು. ಈ ಪಿನ್ನಿನ ಸಂಗತಿಯನ್ನು ಬರೆಯುವವರೆಲ್ಲ 'ಹೆಣ್ಣಿನ ಸಮಯಸ್ಫೂರ್ತಿ' ಎಂದು ಬೆನ್ನು ತಟ್ಟಿ ಮುಂದೆ ಹೋಗುತ್ತಾರೆ. ನನಗೆ ಅದು ಸಾಲದು. ಪಿನ್ನು ಎಲ್ಲ ಹೆಂಗಸರ ಟೋಪಿಯಲ್ಲೂ ಇತ್ತು. ಕಟ್ಟಿಕೊಂಡಿರುವುದು ಕೊಳವೆಯೇ ಎಂದು ಅವಳಿಗೆ ಗೊತ್ತಿತ್ತಲ್ಲ, ಅದು ದೊಡ್ಡದು.

ಆ ಗಾಡಿಗೆ ಬೇರೆ ಟ್ಯಾಂಕೇ ಇರಲಿಲ್ಲ. ಕಾರ್ಬುರೇಟರ್ ಎಂಬ ಪಾತ್ರೆಯೊಳಗೆ ನಾಲ್ಕೂವರೆ ಲೀಟರಿನಷ್ಟು ಎಣ್ಣೆ, ಅದರ ಆವಿ ಗಾಳಿಯೊಂದಿಗೆ ಬೆರೆತು ಎಂಜಿನ್ನಿಗೆ ಹೋಗಬೇಕು. ಅಷ್ಟೇ ಏರ್ಪಾಡು. ಇದರಲ್ಲೊಂದು ತೊಡಕಿದೆ. ಹಗುರವಾದ ಅಂಶ ಮೊದಲು ಆರಿಹೋಗುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಪಾತ್ರೆಯಲ್ಲಿ ಎಣ್ಣೆ ಕಾಣುತ್ತಿದ್ದರೂ ಅದಕ್ಕೆ ಮೊದಲಿನ ಕಸುವಿರುವುದಿಲ್ಲ.

ಆವಿಯಾಗುವವರೆಗೆ ಕಾಯುವ ಬದಲು ಎಣ್ಣೆಯನ್ನು ಸಣ್ಣ ತೂತಿನಿಂದ ತುಂತುರಾಗಿ ಚಿಮ್ಮಿಸುವ ಉಪಾಯ 1893ರಲ್ಲಿ ಬಂತು. ಹಂಗೆರಿಯ ಬುಡಾಪೆಸ್ಟಿನಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ ಪೇಟೆಂಟ್ ಪಡೆದರು. ಅದೇ ಹೊತ್ತಿಗೆ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಕೂಡ ಇಂಥದ್ದನ್ನೇ ಮಾಡಿದ್ದ. ಬೀದಿಯಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಹೂವಿಗೆ ನೀರನ್ನು ತುಂತುರಾಗಿ ಚಿಮುಕಿಸುವುದನ್ನು ನೋಡಿ ಬಾಂಕಿ, ಚೋಂಕಾರಿಗೆ ಇದು ಹೊಳೆಯಿತೆಂದು ಹಂಗೆರಿಯಲ್ಲಿ ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಹೇಳುವವರು ಆ ಹುಡುಗಿಯ ಹೆಸರನ್ನಂತೂ ಹೇಳುವುದಿಲ್ಲ.

ಆ ತುಂತುರು ನಮ್ಮ ಊರುಗಳ ಅಂಗಳಕ್ಕೆ ಬಂದದ್ದು ಮೊಪೆಡ್‌ಗಳೊಂದಿಗೆ. 1972ರಲ್ಲಿ ಕೈನೆಟಿಕ್‌ನವರ ಲೂನಾ, 1980ರಲ್ಲಿ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50. ಗೇರಿನ ರಗಳೆಯಿಲ್ಲ, ಸೀರೆಯುಟ್ಟು ಕೂರಬಹುದು. ಬಸ್ಸಿಲ್ಲದ ಹಳ್ಳಿಯ ಶಾಲೆಗೆ, ಆಸ್ಪತ್ರೆಗೆ ಹೋಗುವ ಹೆಂಗಸರಿಗೆ ಅದೇ ಪುಷ್ಪಕವಿಮಾನ.

ನನ್ನ ಚಿಕ್ಕಮ್ಮ ಮಲೆನಾಡಿನ ಹಳ್ಳಿಯೊಂದರಲ್ಲಿ ಮೇಷ್ಟ್ರಮ್ಮ. 1986ರಲ್ಲಿ ಹಳೆಯ ಮೊಪೆಡ್ ಒಂದನ್ನು ಕೊಂಡಳು. ಅದು ವಾರಕ್ಕೊಮ್ಮೆ ದಾರಿಯಲ್ಲಿ ನಿಲ್ಲುವುದು, ಮೆಕ್ಯಾನಿಕ್ ಒಂದು ನಿಮಿಷ ಏನೋ ಮಾಡಿ ಹತ್ತು ರೂಪಾಯಿ ಕೇಳುವುದು, ಶಾಲೆಗೆ ತಡವಾಗುವುದು. ತಡವಾದರೆ ಅರ್ಧ ದಿನದ ರಜೆ ಹೋಗುತ್ತಿತ್ತು. 'ಹೆಂಗಸರಿಗೆ ಗಾಡಿ ಯಾಕೆ' ಎನ್ನುವವರ ಬಾಯಿಗೆ ಬೀಗ ಹಾಕುವುದೂ ಕಷ್ಟವಾಗುತ್ತಿತ್ತು. ಗಾಡಿ ಮಾರುವ ಮಾತು ಮನೆಯಲ್ಲಿ ಎರಡು ಸಲ ಬಂದಾಗ ಚಿಕ್ಕಮ್ಮ ಮೆಕ್ಯಾನಿಕ್ಕಿನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡತೊಡಗಿದಳು.

ಅವಳು ಕಲಿತ ಕ್ರಮ ನನಗೂ ಬಾಯಿಪಾಠ. ಮೊದಲು ಪೆಟ್ರೋಲ್ ಕಾಕ್ ತೆರೆದಿದೆಯೇ, ರಿಸರ್ವ್‌ಗೆ ತಿರುಗಿಸಬೇಕೆ ನೋಡು. ಐದು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿದರೆ ಟ್ಯಾಂಕಿನ ಮುಚ್ಚಳ ತೆಗೆ. 'ಸುಯ್' ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ಗಾಳಿ ಒಳಗೆ ಬಾರದೆ ಪೆಟ್ರೋಲ್ ಕೆಳಗಿಳಿಯದು. ಎಣ್ಣೆ ಡಬ್ಬಿಗೆ ಎರಡನೆಯ ತೂತು ಹೊಡೆಯುತ್ತೇವಲ್ಲ, ಹಾಗೆ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಪೆಡಲ್ ತುಳಿದ ಮೇಲೂ ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ತೊಯ್ದಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಬಂದಿದೆ, ಇಲ್ಲವೇ ಕಿಡಿ ಇಲ್ಲ. ಈ ಒದ್ದೆ-ಒಣ ನೋಡುವುದನ್ನು ಅವಳು ಮಗುವಿನ ಲಂಗೋಟಿ ಮುಟ್ಟಿ ನೋಡುವುದಕ್ಕೆ ಹೋಲಿಸುತ್ತಿದ್ದಳು.

ಒಣಗಿದ್ದರೆ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಬೇಕು. ಮಳೆಗಾಲದಲ್ಲಿ ಅದರ ತಳದಲ್ಲಿ ನೀರಿನ ಗುಂಡು ಹನಿ ಉರುಳಾಡುತ್ತಿರುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಒಳಗೊಂದು ತೇಲುಗುಂಡಿದೆ, ಪೆಟ್ರೋಲ್ ಏರಿದಾಗ ಸೂಜಿಯನ್ನೆತ್ತಿ ದಾರಿ ಮುಚ್ಚುತ್ತದೆ. ಸೂಜಿಯ ಬಾಯಲ್ಲಿ ಕಸ ಸಿಕ್ಕಿದರೆ ಪೆಟ್ರೋಲ್ ಉಕ್ಕಿ ಸುರಿಯುತ್ತದೆ. ಬಟ್ಟಲಿನ ನಡುವೆ ಹಿತ್ತಾಳೆಯ ಜೆಟ್ ಇರುತ್ತದೆ, ಅದರ ತೂತು ಕೂದಲೆಳೆಯಷ್ಟು ಸಣ್ಣದು. ಇಲ್ಲಿ ಮಾತ್ರ ಬೆರ್ತಾಳ ಪಿನ್ನು ನಡೆಯದು. ಉಕ್ಕಿನ ಪಿನ್ನು ಚುಚ್ಚಿದರೆ ಮೆತ್ತನೆಯ ಹಿತ್ತಾಳೆ ಅಗಲವಾಗಿ, ಆಮೇಲೆ ಜೀವಮಾನವಿಡೀ ಗಾಡಿ ಪೆಟ್ರೋಲ್ ಕುಡಿಯುತ್ತದೆ, ಹೊಗೆ ಕಾರುತ್ತದೆ. ಬೆರ್ತಾ ಬಿಡಿಸಿದ್ದು ಕೊಳವೆಯನ್ನು. ಅವಳ ಗಾಡಿಯಲ್ಲಿ ಇಂಥ ಜೆಟ್ ಇರಲೇ ಇಲ್ಲ. ಚಿಕ್ಕಮ್ಮ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದಳು, ಹಟ ಮಾಡಿದರೆ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ. ಇದೆಲ್ಲ ಅಂಗಳದಲ್ಲಿ, ಒಲೆಯಿಂದ ದೂರದಲ್ಲಿ.

ಅವಳ ಗಾಡಿ ಮಾರಾಟವಾಗಲಿಲ್ಲ. ಹದಿನಾಲ್ಕು ವರ್ಷ ಅದರಲ್ಲೇ ಶಾಲೆಗೆ ಹೋದಳು.

2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹಳೆಯ ಗಾಡಿಗಳಿಗೆ ಬೇರೆ ಕಷ್ಟ ಶುರುವಾಗಿದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಅದಕ್ಕೆಂದು ಮಾಡದ ಹಳೆಯ ರಬ್ಬರ್ ಕೊಳವೆ, ವಾಷರುಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಬಟ್ಟಲಿನಲ್ಲಿರುವುದು ಮುಗಿದು ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿಡಬೇಕು.

ಚಿಕ್ಕಮ್ಮನ ಮೊಪೆಡ್ ಕೊಟ್ಟಿಗೆಯ ಮೂಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಿಂತಿತ್ತು. ಈ ಬೇಸಿಗೆಯಲ್ಲಿ ಅವಳ ಮೊಮ್ಮಗಳು ಅದನ್ನು ಹೊರಗೆಳೆದಳು. ಟ್ಯಾಂಕಿನಲ್ಲಿದ್ದದ್ದು ಪೆಟ್ರೋಲಾಗಿ ಉಳಿದಿರಲಿಲ್ಲ, ವಾರ್ನಿಷ್ ವಾಸನೆಯ ಕಂದು ಅಂಟಾಗಿತ್ತು. ಬೆರ್ತಾಳ ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದಂತೆಯೇ ಹಗುರದ್ದೆಲ್ಲ ಹಾರಿಹೋಗಿ, ಭಾರದ್ದು ಕೂತಿತ್ತು. ಎಂಬತ್ತರ ಚಿಕ್ಕಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, 'ಪಿನ್ನು ಹಾಕಬೇಡ್ವೇ, ನೆನೆಯೋಕೆ ಬಿಡು' ಎಂದು ಅಲ್ಲಿಂದಲೇ ಕೂಗಿದಳು. ಜೆಟ್ ಈಗ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ನೆನೆಯುತ್ತಿದೆ.