ಬೆಂಗಳೂರು ಹೊರವಲಯದಲ್ಲಿ ಆರೋಗ್ಯ ಆಡಳಿತ ಶಿಕ್ಷಣದ ನವೀನ ಬೋಧನಾ ವಿಧಾನಗಳು

ಆರೋಗ್ಯ ಆಡಳಿತ ಶಿಕ್ಷಣವೆಂದರೆ ಆಸ್ಪತ್ರೆ, ಆರೋಗ್ಯ ಕೇಂದ್ರ, ಆರೋಗ್ಯ ವಿಮೆ ಹಾಗೂ ಸರ್ಕಾರದ ಆರೋಗ್ಯ ಇಲಾಖೆಗಳನ್ನು ನಡೆಸುವವರಿಗೆ ನೀಡುವ ಶಿಕ್ಷಣ ಮತ್ತು ತರಬೇತಿ. ಹಾಸಿಗೆ, ಔಷಧಿ, ಸಿಬ್ಬಂದಿ, ಹಣ, ಸಮಯ ಇವೆಲ್ಲವನ್ನೂ ರೋಗಿಗೆ ಪ್ರಯೋಜನವಾಗುವಂತೆ ಹೊಂದಿಸುವುದು ಇದರ ಮುಖ್ಯ ವಿಷಯ. ಬಹುಕಾಲ ಉಪನ್ಯಾಸ ಮತ್ತು ಲಿಖಿತ ಪರೀಕ್ಷೆಗಳನ್ನೇ ನೆಚ್ಚಿಕೊಂಡಿದ್ದ ಈ ಕ್ಷೇತ್ರದಲ್ಲಿ ಪ್ರಕರಣ ಅಧ್ಯಯನ, ಕ್ಷೇತ್ರಕಾರ್ಯ, ಅಣಕು ಕಾರ್ಯಾಚರಣೆ ಮತ್ತು ಕೆಲಸದ ಸ್ಥಳದಲ್ಲಿಯೇ ನೀಡುವ ಮಾರ್ಗದರ್ಶನಗಳು ಬಳಕೆಗೆ ಬಂದಿವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯಗಳನ್ನು ಒಳಗೊಂಡ ಬೆಂಗಳೂರಿನ ಹೊರವಲಯ ಹಾಗೂ ಅದಕ್ಕೆ ಹೊಂದಿಕೊಂಡ ಜಿಲ್ಲೆಗಳಲ್ಲಿ ಇಂತಹ ವಿಧಾನಗಳಿಗೆ ಉತ್ತಮ ಉದಾಹರಣೆಗಳು ದೊರೆಯುತ್ತವೆ.

ಹಿನ್ನೆಲೆ

ಆರೋಗ್ಯ ಸಿಬ್ಬಂದಿಗೆ ಜನವಸತಿಯ ನಡುವೆಯೇ ತರಬೇತಿ ನೀಡುವ ಪದ್ಧತಿ ಮೈಸೂರು ಸಂಸ್ಥಾನಕ್ಕೆ ಹೊಸತಾಗಿರಲಿಲ್ಲ. 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಆರೋಗ್ಯ ಘಟಕವೊಂದು ಕೆಲಸ ಮಾಡುತ್ತಿತ್ತು. ಸ್ವಾತಂತ್ರ್ಯಾನಂತರ 1964ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಆರೋಗ್ಯ ಆಡಳಿತ ಮತ್ತು ಶಿಕ್ಷಣ ಸಂಸ್ಥೆ ಆರಂಭವಾಯಿತು. 1977ರಲ್ಲಿ ಅದು ಕುಟುಂಬ ಯೋಜನಾ ಸಂಸ್ಥೆಯೊಡನೆ ವಿಲೀನಗೊಂಡು ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಾಯಿತು.

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾಯಿತು. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆಯು 2001ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ಆರೋಗ್ಯ ವ್ಯವಸ್ಥೆಯ ಪ್ರಮುಖ ಸಮಸ್ಯೆಗಳ ಸಾಲಿನಲ್ಲಿ ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಉಪೇಕ್ಷೆ ಮತ್ತು ಮಾನವ ಸಂಪನ್ಮೂಲದ ಕಡೆಗಣನೆಗಳನ್ನು ಹೆಸರಿಸಿತು. ಒಳ್ಳೆಯ ವೈದ್ಯನಾದವನು ತಾನಾಗಿಯೇ ಒಳ್ಳೆಯ ಆಡಳಿತಗಾರನಾಗುತ್ತಾನೆ ಎಂಬ ನಂಬಿಕೆ ಆ ಹೊತ್ತಿಗೆ ಸಡಿಲಗೊಂಡಿತ್ತು. ಜೈಪುರದಲ್ಲಿ 1984ರಲ್ಲಿ ಪ್ರಾರಂಭವಾಗಿದ್ದ ಆರೋಗ್ಯ ನಿರ್ವಹಣಾ ಸಂಶೋಧನಾ ಸಂಸ್ಥೆಯು 2004ರಲ್ಲಿ ಬೆಂಗಳೂರಿನಲ್ಲಿ ತನ್ನ ಶಾಖೆಯನ್ನು ತೆರೆಯಿತು. ಎಲೆಕ್ಟ್ರಾನಿಕ್ ಸಿಟಿಯ ಬಳಿಯಿರುವ ಈ ಸಂಸ್ಥೆಯಲ್ಲಿ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ.

ಹೋಲಿಕೆಯ ಮೂಲಕ ಕಲಿಕೆ

ಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ಆರೋಗ್ಯ ಆಡಳಿತದ ಮೂಲ ಪ್ರಶ್ನೆ. ಬೆಂಗಳೂರಿನ ಹೊರವಲಯದಲ್ಲಿ ಈ ಒಂದೇ ಪ್ರಶ್ನೆಗೆ ಮೂರು ಉತ್ತರಗಳಿವೆ. 2001ರ ಜನವರಿ 19ರಂದು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಉದ್ಘಾಟಿಸಿದ ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಚಿಕಿತ್ಸೆ ಉಚಿತ. ಅಲ್ಲಿ ಬಿಲ್ ಕೌಂಟರ್ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ ಡಾ. ದೇವಿಪ್ರಸಾದ್ ಶೆಟ್ಟಿ ಅವರು ಕಟ್ಟಿದ ನಾರಾಯಣ ಹೃದಯಾಲಯವು ಹೆಚ್ಚಿನ ಸಂಖ್ಯೆಯ ಶಸ್ತ್ರಚಿಕಿತ್ಸೆಗಳಿಂದ ಪ್ರತಿಯೊಂದರ ವೆಚ್ಚವನ್ನು ಇಳಿಸುತ್ತದೆ ಮತ್ತು ಉಳ್ಳವರ ಪಾವತಿಯಿಂದ ಇಲ್ಲದವರಿಗೆ ರಿಯಾಯಿತಿ ನೀಡುತ್ತದೆ.

ಪೀಣ್ಯದ ಇಎಸ್‌ಐ ಆಸ್ಪತ್ರೆಯ ಹಿಂದಿರುವುದು 1948ರ ನೌಕರರ ರಾಜ್ಯ ವಿಮಾ ಕಾಯ್ದೆ. 2019ರ ಜುಲೈನಿಂದ ಜಾರಿಯಲ್ಲಿರುವ ದರದಂತೆ ವೇತನದ ಶೇ. 0.75ರಷ್ಟನ್ನು ನೌಕರನೂ ಶೇ. 3.25ರಷ್ಟನ್ನು ಮಾಲೀಕನೂ ಕಟ್ಟುತ್ತಾರೆ. ತಿಂಗಳಿಗೆ 20,000 ರೂಪಾಯಿ ಸಂಬಳದ ಕಾರ್ಮಿಕನ ಪಾಲು 150 ರೂಪಾಯಿ, ಮಾಲೀಕನ ಪಾಲು 650 ರೂಪಾಯಿ. ವೇತನ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಲಾಯಿತು. ಇದಕ್ಕಿಂತ ತುಸು ಹೆಚ್ಚು ಸಂಬಳ ಪಡೆದು ಯೋಜನೆಯಿಂದ ಹೊರಬೀಳುವವರು, ಮತ್ತು ಗುತ್ತಿಗೆದಾರನು ದಾಖಲೆಗೇ ಸೇರಿಸದ ವಲಸೆ ಕಾರ್ಮಿಕರು ಕಾಯಿಲೆ ಬಿದ್ದಾಗ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಕೇವಲ ಶೇಕಡಾವಾರು ಲೆಕ್ಕದಿಂದ ಹೊಳೆಯುವುದಿಲ್ಲ. ಆಸ್ಪತ್ರೆಯ ನೋಂದಣಿ ಸಾಲಿನಲ್ಲಿ ಅರ್ಧ ದಿನ ನಿಂತ ವಿದ್ಯಾರ್ಥಿಗೆ ಹೊಳೆಯಬಹುದು. ಈ ಮೂರೂ ಆಸ್ಪತ್ರೆಗಳನ್ನು ಅಕ್ಕಪಕ್ಕ ಇರಿಸಿ ಹಣ ಎಲ್ಲಿಂದ ಬಂತು, ಯಾರು ಹೊರಗುಳಿದರು, ಯಾರು ಎಷ್ಟು ಹೊತ್ತು ಕಾದರು ಎಂದು ವಿಚಾರಿಸುವುದು ಅಧ್ಯಾಪಕನಿಗೆ ಸುಲಭವಾಗಿ ದೊರೆಯುವ ಪಾಠೋಪಕರಣ.

ಪ್ರಕರಣ ಅಧ್ಯಯನ

ನಡೆದ ಸಂಗತಿಯನ್ನು ಅಂಕಿ ಅಂಶಗಳೊಡನೆ ವಿದ್ಯಾರ್ಥಿಗಳ ಮುಂದಿಟ್ಟು, ‘ಈ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುವುದು ಈ ವಿಧಾನದ ತಿರುಳು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2005ರಲ್ಲಿ ನಾರಾಯಣ ಹೃದಯಾಲಯವನ್ನು ಕುರಿತು ಪ್ರಕರಣವೊಂದನ್ನು ಪ್ರಕಟಿಸಿತು. ತರುಣ್ ಖನ್ನಾ ಮತ್ತು ವಿ. ಕಸ್ತೂರಿ ರಂಗನ್ ಅದರ ಲೇಖಕರಲ್ಲಿ ಸೇರಿದ್ದಾರೆ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಕುರಿತು ಕಸ್ತೂರಿ ರಂಗನ್ ಅವರು 1993ರಲ್ಲಿಯೇ ಇಂತಹುದೊಂದನ್ನು ಬರೆದಿದ್ದರು.

ಮುದ್ರಿತ ಪ್ರಕರಣಕ್ಕೆ ಒಂದು ದೋಷವಿದೆ: ಅದು ಬರೆದ ದಿನದಲ್ಲಿಯೇ ನಿಂತುಬಿಡುತ್ತದೆ. ತಿಂಗಳಿಗೆ 5 ರೂಪಾಯಿ ವಂತಿಗೆಯೊಂದಿಗೆ 2003ರಲ್ಲಿ ಆರಂಭವಾದ ಸಹಕಾರಿ ರೈತರ ಯಶಸ್ವಿನಿ ಯೋಜನೆಯನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಯಿತು. 2022ರಲ್ಲಿ ಅದರ ನೋಂದಣಿ ಮತ್ತೆ ಆರಂಭವಾಯಿತು. ಮೊದಲ ವರ್ಷಗಳ ಕಥೆಯನ್ನಷ್ಟೇ ಓದಿದವನು ಯೋಜನೆಯೊಂದು ಏಕೆ ನಿಲ್ಲುತ್ತದೆ ಎಂಬುದನ್ನು ಕಲಿಯಲಾರ.

ತರಗತಿಯಿಂದ ವಾರ್ಡಿಗೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಡವರಿಗೆ ಎಟಕುವ ಬೆಲೆಯ ವಿನ್ಯಾಸಗಳನ್ನು ರೂಪಿಸುವ ಕುರಿತು ಒಂದು ಕೋರ್ಸ್ ಇದೆ. ಅದರ ವಿದ್ಯಾರ್ಥಿಗಳ ತಂಡವೊಂದು ಯೋಜನಾಕಾರ್ಯಕ್ಕಾಗಿ ನಾರಾಯಣ ಹೃದಯಾಲಯವನ್ನು ಆರಿಸಿಕೊಂಡಿತು. ಅವರ ಗಮನ ಸೆಳೆದದ್ದು ಯಂತ್ರೋಪಕರಣವಲ್ಲ. ರೋಗಿಯ ಜೊತೆ ಬಂದು ಮೊಗಸಾಲೆಯಲ್ಲಿ ದಿನಗಟ್ಟಲೆ ಕಾದು ಕೂರುವ ಮನೆಯವರು. ಮನೆಗೆ ಮರಳಿದ ಮೇಲೆ ಆರೈಕೆ ಮಾಡಬೇಕಾದವರು ಅವರೇ, ಆದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದರಿಂದ ಹುಟ್ಟಿದ ಕಾರ್ಯಕ್ರಮದಲ್ಲಿ ಗಾಯದ ಆರೈಕೆ, ಕೈತೊಳೆಯುವ ಕ್ರಮ, ಔಷಧಿ, ಪಥ್ಯ ಮತ್ತು ಅಪಾಯದ ಲಕ್ಷಣಗಳನ್ನು ದಾದಿಯರು ವಾರ್ಡಿನಲ್ಲಿಯೇ ಕುಟುಂಬದವರಿಗೆ ಕಲಿಸುತ್ತಾರೆ. ಮುಂದೆ ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ ಬೆಳೆದ ಈ ಪ್ರಯತ್ನ ಕರ್ನಾಟಕ ಮತ್ತು ಪಂಜಾಬಿನ ಸರ್ಕಾರಿ ಆಸ್ಪತ್ರೆಗಳಿಗೂ ವಿಸ್ತರಿಸಿತು.

ತುಮಕೂರಿನ ಪ್ರಯೋಗ

ಪೀಣ್ಯದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಸಿಗುವ ತುಮಕೂರು ಜಿಲ್ಲೆಯಲ್ಲಿ ಸೇವೆಯಲ್ಲಿರುವ ಅಧಿಕಾರಿಗಳ ತರಬೇತಿಯ ಮಹತ್ವದ ಪ್ರಯೋಗವೊಂದು ನಡೆಯಿತು. 2005ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಡನೆ ಸೇರಿ 2009ರಿಂದ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಆರೋಗ್ಯ ಅಧಿಕಾರಿಗಳಿಗೆ ಕಾರ್ಯಕ್ರಮವನ್ನು ನಡೆಸಿತು. ಬಿಡುವು ಬಿಟ್ಟು ತರಗತಿಗಳು, ಅವುಗಳ ನಡುವೆ ಮಾರ್ಗದರ್ಶಕರೇ ಅಧಿಕಾರಿಗಳ ಕಚೇರಿಗೆ ಹೋಗಿ ಅಲ್ಲಿನ ಸಮಸ್ಯೆಗಳನ್ನು ಚರ್ಚಿಸುವುದು ಇದರ ಕ್ರಮ.

ಎನ್. ಎಸ್. ಪ್ರಶಾಂತ್ ಮತ್ತು ಸಂಗಡಿಗರು ಇದರ ಮೌಲ್ಯಮಾಪನವನ್ನು 2014ರಲ್ಲಿ ಪ್ರಕಟಿಸಿದರು. ತರಬೇತಿ ಫಲ ನೀಡಿತೇ ಇಲ್ಲವೇ ಎಂದಷ್ಟೇ ಕೇಳದೆ, ಯಾರಲ್ಲಿ, ಯಾವ ಸನ್ನಿವೇಶದಲ್ಲಿ, ಏಕೆ ಎಂದು ಅವರು ಕೇಳಿದರು. ಒಂದೇ ಪಾಠ ಕೇಳಿದ ತಾಲ್ಲೂಕುಗಳಲ್ಲಿ ಒಂದೇ ಬಗೆಯ ಫಲ ಕಾಣಲಿಲ್ಲ. ತನ್ನಿಂದ ಈ ಕೆಲಸ ಸಾಧ್ಯವೆಂಬ ಅಧಿಕಾರಿಯ ವಿಶ್ವಾಸ, ಇಲಾಖೆಯ ಬಗೆಗಿನ ನಿಷ್ಠೆ ಮತ್ತು ಸುತ್ತಲಿನ ವ್ಯವಸ್ಥೆಯ ಬೆಂಬಲ ಕೂಡಿಬಂದಲ್ಲಿ ಬದಲಾವಣೆಗೆ ಅವಕಾಶವಾಯಿತು. ತರಬೇತಿಯ ಯಶಸ್ಸನ್ನು ಹಾಜರಿ ಪುಸ್ತಕದಿಂದ ಅಳೆಯುವ ನಮ್ಮ ಕಚೇರಿಗಳ ರೂಢಿಯನ್ನು ನೆನೆದರೆ ಈ ಅಧ್ಯಯನದ ಬೆಲೆ ತಿಳಿಯುತ್ತದೆ.

ಇತರ ವಿಧಾನಗಳು

ಹೊರರೋಗಿ ವಿಭಾಗದಲ್ಲಿ ರೋಗಿಯೊಬ್ಬನು ಚೀಟಿ ಪಡೆದ ಗಳಿಗೆಯಿಂದ ಔಷಧಿ ಪಡೆಯುವವರೆಗಿನ ಸಮಯವನ್ನು ಗಡಿಯಾರ ಹಿಡಿದು ದಾಖಲಿಸುವುದು, ಬೆಂಕಿ ಅಪಘಾತ ಅಥವಾ ಸಾಮೂಹಿಕ ದುರಂತದ ಅಣಕು ಕಾರ್ಯಾಚರಣೆ, ದೂರು ಆಲಿಸುವ ಪಾತ್ರಾಭಿನಯ ಮೊದಲಾದವು ಈ ಶಿಕ್ಷಣದಲ್ಲಿ ಬಳಕೆಯಾಗುತ್ತವೆ. ಹಳ್ಳಿಯಲ್ಲಿನ ಕಲಿಕೆಗೆ ಸರ್ಜಾಪುರದ ಸಮೀಪ ಮುಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಕೇಂದ್ರವಿದೆ.

ಮಿತಿಗಳು

ಆಸ್ಪತ್ರೆಯ ದೈನಂದಿನ ಕೆಲಸಕ್ಕೆ ಅಡ್ಡಿಯಾಗದಂತೆ ಕ್ಷೇತ್ರಕಾರ್ಯ ನಡೆಸುವುದು, ರೋಗಿಯ ಖಾಸಗಿತನವನ್ನು ಕಾಯುವುದು ಮತ್ತು ಗುಂಪು ಕೆಲಸದಲ್ಲಿ ಪ್ರತಿಯೊಬ್ಬನ ಪಾಲನ್ನು ಅಳೆಯುವುದು ಕಷ್ಟ. ಭಾಷೆಯ ತೊಡಕು ಇವೆಲ್ಲಕ್ಕಿಂತ ದೊಡ್ಡದು. ಸ್ನಾತಕೋತ್ತರ ತರಗತಿಗಳ ಬೋಧನೆ ಇಂಗ್ಲಿಷಿನಲ್ಲಿ. ಆಶಾ ಕಾರ್ಯಕರ್ತೆಯ ಮಾತು ಕನ್ನಡದಲ್ಲಿ. ಕಾರ್ಖಾನೆ ಮತ್ತು ಕಟ್ಟಡ ಕೆಲಸಗಳಿಗೆ ಬಂದವರ ಮಾತು ತಮಿಳು, ತೆಲುಗು, ಹಿಂದಿ, ಒಡಿಯಾ ಅಥವಾ ಬಂಗಾಳಿಯಲ್ಲಿ. ಒಪ್ಪಿಗೆ ಪತ್ರವನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ವಿವರಿಸುವ ಅಭ್ಯಾಸವನ್ನು ಪರೀಕ್ಷೆಯ ಅಂಕಗಳಿಗೆ ಸೇರಿಸುವುದು ಇದಕ್ಕೆ ಇರುವ ಒಂದು ಪರಿಹಾರ. ಅದಕ್ಕೆ ಬೇಕಾದುದು ಒಂದು ನಮೂನೆ ಪತ್ರ, ಒಬ್ಬ ಸಹಪಾಠಿ ಮತ್ತು ಹತ್ತು ನಿಮಿಷಗಳ ಕಾಲಾವಕಾಶ.